ಯಾವ ರಾಮನಾಥಪುರ?

ಲಕೋಟೆಯ ಮೇಲೆ ರಾಮನಾಥಪುರ ಎಂದಷ್ಟೇ ಬರೆದರೆ ಅದು ನಮ್ಮೂರಿಗೇ ಬರುತ್ತದೆ ಎಂಬ ಖಾತ್ರಿ ಇಲ್ಲ. ತಮಿಳುನಾಡಿನಲ್ಲಿ ಒಂದು ಜಿಲ್ಲೆಗೇ ರಾಮನಾಥಪುರಂ ಎಂಬ ಹೆಸರಿದೆ. ರಾಮೇಶ್ವರ ಇರುವುದು ಆ ಜಿಲ್ಲೆಯಲ್ಲಿ. ಕೊಯಮತ್ತೂರು ಪಟ್ಟಣದೊಳಗೂ ಒಂದು ರಾಮನಾಥಪುರಂ ಇದೆ. ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೆ ಒಂದಕ್ಷರ ಹೆಚ್ಚಿಗೆ ಇದ್ದರೆ ಅದು ಅವರದು, ಇಲ್ಲದಿದ್ದರೆ ನಮ್ಮದು. ಸರಿರಾತ್ರಿಯಲ್ಲಿ, ಓಡುವ ರೈಲಿನ ಮೇಲ್ ವ್ಯಾನಿನೊಳಗೆ, ಕಾಲು ಅಗಲಿಸಿ ನಿಂತು ಕಾಗದ ವಿಂಗಡಿಸುವವನ ಕಣ್ಣಿಗೆ ಆ ಒಂದಕ್ಷರ ಎಷ್ಟು ಬಿದ್ದೀತು? ನಾನು ಅಂಥ ಕೆಲಸ ಮಾಡಿಕೊಂಡೇ ನಿವೃತ್ತನಾದವನು. ರೈಲ್ವೆ ಮೇಲ್ ಸರ್ವಿಸ್‌ನಲ್ಲಿ ಸಾರ್ಟರ್ ಆಗಿದ್ದೆ. ಹುಟ್ಟಿದ್ದು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ. ಹಾಗಾಗಿ ಊರಿನ ಹೆಸರನ್ನು ಕವರಿನ ಮೇಲೆ ಹೇಗೆ ಬರೆಯಬೇಕು ಎನ್ನುವುದು ನನಗೆ ಹೊಟ್ಟೆಪಾಡೂ ಹೌದು, ಊರಿನ ಮೇಲಿನ ಅಭಿಮಾನವೂ ಹೌದು.

ಆ ಜಿಲ್ಲೆಗೂ ನಮ್ಮೂರಿಗೂ ಹೆಸರು ಬಂದದ್ದು ಒಂದೇ ಕಥೆಯಿಂದ. ಲಂಕೆಯಿಂದ ಹಿಂದಿರುಗಿದ ರಾಮ ಶಿವಲಿಂಗ ಸ್ಥಾಪಿಸಿ ಪೂಜೆ ಮಾಡಿದ ಎಂದು ಅವರ ಸ್ಥಳಪುರಾಣ ಹೇಳುತ್ತದೆ, ನಮ್ಮದೂ ಹೇಳುತ್ತದೆ. ಅವರಿಗೆ ಸಮುದ್ರ, ನಮಗೆ ಕಾವೇರಿ. ನಮ್ಮ ರಾಮೇಶ್ವರ ದೇವಸ್ಥಾನದ ಮೆಟ್ಟಿಲಿನ ಕೆಳಗೆ ಹೊಳೆಯಲ್ಲಿ ದೇವರ ಮೀನುಗಳಿವೆ, ಅವನ್ನು ಯಾರೂ ಹಿಡಿಯುವುದಿಲ್ಲ. ಮಾರ್ಗಶಿರದಲ್ಲಿ ಸುಬ್ರಹ್ಮಣ್ಯಸ್ವಾಮಿಯ ಷಷ್ಠಿ ಜಾತ್ರೆ ನಡೆಯುತ್ತದೆ. ದೇವರಿದ್ದಾನೆ, ಹೊಳೆಯಿದೆ, ತಂಬಾಕಿನ ಹರಾಜು ಕಟ್ಟೆಯೂ ಇದೆ, ಆದರೆ ರೈಲು ಮಾತ್ರ ಇಲ್ಲ. ಮೈಸೂರಿನಿಂದ ಅರಸೀಕೆರೆಗೆ ಹೋಗುವ ಹಳೆಯ ಮಾರ್ಗ ಹೊಳೆನರಸೀಪುರ, ಹಾಸನ ಮುಟ್ಟಿಕೊಂಡು ಹೋಗುತ್ತದೆ, ನಮ್ಮ ಕಡೆ ತಿರುಗುವುದಿಲ್ಲ. ಹೀಗಾಗಿ ನಮ್ಮೂರಿನ ಕಾಗದವೆಲ್ಲ ಎಲ್ಲೋ ರೈಲಿನಿಂದ ಇಳಿದು, ಬಸ್ಸಿನ ಮೇಲೇರಿ ಬರಬೇಕಾಗಿತ್ತು. ಕೈ ಬದಲಾದಷ್ಟೂ ವಿಳಾಸಕ್ಕೆ ಪರೀಕ್ಷೆ ಹೆಚ್ಚು.

ಹೆಸರಿನ ಈ ತೊಡಕು ನಮ್ಮೊಬ್ಬರದೇ ಅಲ್ಲ. ಸುತ್ತಲಿನ ಊರುಗಳನ್ನೇ ನೋಡಿ. ಹೊಳೆನರಸೀಪುರ ನಮ್ಮದು, ತಿರುಮಕೂಡಲು ನರಸೀಪುರ ಮೈಸೂರು ಜಿಲ್ಲೆಯದು. ಬರೀ ನರಸೀಪುರ ಎಂದು ಬರೆದರೆ ಯಾವುದು? ಹೊಳೆ ದಂಡೆಯ ನರಸೀಪುರ ಎಂದರೂ ಬಗೆಹರಿಯುವುದಿಲ್ಲ, ಅದು ಹೇಮಾವತಿಯ ದಂಡೆ, ಇದು ಕಾವೇರಿ ಕಪಿಲೆಯರ ಸಂಗಮ. ಚನ್ನರಾಯಪಟ್ಟಣ ಎಂದರೆ ನಮ್ಮ ಜಿಲ್ಲೆಯ ತಾಲ್ಲೂಕು ಕೇಂದ್ರ, ಆದರೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ಚನ್ನರಾಯಪಟ್ಟಣವಿದೆ, ಅದು ಹೋಬಳಿ. ನಮ್ಮ ಪಕ್ಕದ ಬಸವಾಪಟ್ಟಣ ಕಾವೇರಿ ದಡದ್ದು, ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಂದು. ಊರಿಗೆ ಹೆಸರಿಟ್ಟ ದೊರೆಗಳು, ಪಾಳೇಗಾರರು ತಮ್ಮ ದೇವರನ್ನು, ತಮ್ಮ ಹಿರಿಯರನ್ನು ನೆನೆದು ಹೆಸರಿಟ್ಟರು. ಮುಂದೊಂದು ದಿನ ಅದೇ ಹೆಸರಿನ ಚೀಟಿ ನೂರಾರು ಮೈಲಿ ದೂರದಲ್ಲಿ ಯಾರೋ ಅಪರಿಚಿತನ ಕೈಗೆ ಸಿಕ್ಕಿ, ಅವನು ತಲೆ ಕೆರೆದುಕೊಳ್ಳುತ್ತಾನೆ ಎಂದು ಅವರು ಏಕೆ ಯೋಚಿಸಿಯಾರು?

ವಿಳಾಸ ಬರೆಯುವವರು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ. ಮೊದಲು ಹೆಸರು, ಆಮೇಲೆ ಮನೆ, ಬೀದಿ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ. ನಾವು ಓದುತ್ತಿದ್ದುದು ಕೆಳಗಿನಿಂದ ಮೇಲಕ್ಕೆ. ಹೊರ ರಾಜ್ಯದ ಸಾರ್ಟರಿಗೆ ಬೇಕಾದ್ದು ಕೊನೆಯ ಸಾಲು ಮಾತ್ರ, ರಾಜ್ಯ ಯಾವುದು ಎಂದು. ರಾಜ್ಯದೊಳಗೆ ಬಂದ ಮೇಲೆ ಅದರ ಮೇಲಿನ ಸಾಲು, ಜಿಲ್ಲೆ. ಹಾಸನದಲ್ಲಿ ಇಳಿದಾಗ ತಾಲ್ಲೂಕು, ಊರು. ರಾಮನಾಥಪುರದ ಅಂಚೆ ಕಚೇರಿಯಲ್ಲಿ ಸುತ್ತಲಿನ ಹಳ್ಳಿಯ ಹೆಸರು. ಎಲ್ಲ ಮುಗಿದ ಮೇಲೆ ಪೋಸ್ಟ್‌ಮ್ಯಾನ್ ಮೇಲಿನ ಎರಡು ಸಾಲು ಓದಿ ಬಾಗಿಲಲ್ಲಿ ನಿಲ್ಲುತ್ತಿದ್ದ. ವಿಳಾಸದ ಒಂದೊಂದು ಸಾಲಿಗೂ ಒಬ್ಬೊಬ್ಬ ಓದುಗನಿದ್ದ, ಅವನವನ ಸಾಲು ಅವನವನಿಗೆ ಸಾಕಾಗುತ್ತಿತ್ತು. ಈ ಓದುಗರಲ್ಲಿ ಒಬ್ಬನಿಗೂ ಕಾಗದ ಬರೆದವನ ಪರಿಚಯವಿಲ್ಲ, ಪಡೆಯುವವನನ್ನು ಕಂಡವನು ಕೊನೆಯವನೊಬ್ಬನೇ. ವಿಳಾಸದ, ಲೇಬಲ್ಲಿನ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಈ ನಡುವಿನ ಜನರನ್ನು ನಾವು ನೆನಪಿಟ್ಟುಕೊಳ್ಳಲು ಕಲಿತ ಚರಿತ್ರೆ.

ಮೊದಲು ವಿಳಾಸಕ್ಕೆ ಇಷ್ಟು ಸಾಲು ಬೇಕಿರಲಿಲ್ಲ. ಮೈಸೂರು ಸೀಮೆಯಲ್ಲಿ ಅಂಚೆಯ ವ್ಯವಸ್ಥೆ ಕಟ್ಟಿದ ಕೀರ್ತಿ ಚಿಕ್ಕದೇವರಾಜ ಒಡೆಯರದು, 1673ರಿಂದ 1704ರವರೆಗೆ ಆಳಿದವರು. ಅವರ ಅಂಚೆ ಕಾಗದ ಸಾಗಿಸುತ್ತಿತ್ತು, ಜೊತೆಗೆ ನಾಡಿನ ಸುದ್ದಿಯನ್ನು ಅರಮನೆಗೆ ಗುಟ್ಟಾಗಿ ಮುಟ್ಟಿಸುತ್ತಿತ್ತು. ಹೈದರನ ಕಾಲದಲ್ಲಿ ಈ ಬೇಹುಗಾರಿಕೆಯ ಕೆಲಸ ಇನ್ನೂ ಬಲವಾಯಿತು. ಅಂಚೆ ಹರಿಕಾರ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಯವರೆಗೆ ಓಡಿ ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸುತ್ತಿದ್ದ. ಅಲ್ಲಿ ಸಾಗುತ್ತಿದ್ದುದು ಮುಖ್ಯವಾಗಿ ಸರ್ಕಾರದ ಕಾಗದ. ಯಾವ ಅಮಲ್ದಾರರಿಗೆ, ಯಾವ ಕಚೇರಿಗೆ ಎಂದು ತಿಳಿದರೆ ಮುಗಿಯಿತು, ಆ ಹುದ್ದೆಯವರು ಸೀಮೆಗೊಬ್ಬರೇ. ಹುದ್ದೆಯೇ ವಿಳಾಸ. ಸಂಸ್ಥಾನದ ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯೊಳಗೆ ಸೇರಿಹೋಯಿತು. ಆ ಹೊತ್ತಿಗೆ ಅಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದು ಹತ್ತು ವರ್ಷವಾಗಿತ್ತು. ಹಣ ಕೊಟ್ಟು ಪಾರ್ಸಲ್ ಬಿಡಿಸಿಕೊಳ್ಳುವ ವಿ.ಪಿ.ಪಿ., ಮನಿಯಾರ್ಡರು ಕೂಡ ಶುರುವಾಗಿದ್ದವು. ದೊಡ್ಡ ಜಾಲದ ಬಾಗಿಲು ನಮ್ಮ ಹಳ್ಳಿಗಳಿಗೂ ತೆರೆಯಿತು. ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದು. ತೊಂದರೆ ಶುರುವಾದದ್ದೂ ಆಗಲೇ. ಸಾಮಾನ್ಯ ರೈತನಿಗೆ ಹುದ್ದೆಯಿಲ್ಲ, ಅವನ ಹೆಸರಿನವರು ಊರಿಗೆ ಹತ್ತು ಜನ.

ಹಳೆಯ ಕಾಗದಗಳ ಹೊರಮೈಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹಿರಿಯರಿಗಾದರೆ ಮ||ರಾ||ಶ್ರೀ||, ಶಾಸ್ತ್ರಿಗಳಿಗಾದರೆ ವೇ||ಬ್ರ||ಶ್ರೀ||, ಕಿರಿಯರಿಗೆ ಚಿ||, ಮುತ್ತೈದೆಗೆ ಸೌ||. ಹೆಸರಿನ ಮುಂದೆ ಪದವಿ, ಹಿಂದೆ ‘ಅವರ ಸನ್ನಿಧಾನಕ್ಕೆ’. ಊರಿನ ಹೆಸರು ಎಲ್ಲೋ ಮೂಲೆಯಲ್ಲಿ, ಹೋಬಳಿ ತಾಲ್ಲೂಕಿನ ಮಾತೇ ಇಲ್ಲ. ಆ ಬರಹ ನಡುವಿನ ಯಾರಿಗೂ ಅಲ್ಲ, ಪಡೆಯುವವರ ಕಾಲಿಗೆ ಮಾಡಿದ ನಮಸ್ಕಾರ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ದೊಡ್ಡವರ ಹೆಸರನ್ನು ಬರಿದೇ ಬರೆಯಬಾರದು ಎನ್ನುವ ಮನಸ್ಸು ಒಳ್ಳೆಯದೇ. ನಮ್ಮ ಬೀದಿಯ ಒಬ್ಬ ಅಜ್ಜಿ ಮುಂಬಯಿಯ ಮಗನಿಗೆ ಕಾಗದ ಹಾಕುವಾಗಲೆಲ್ಲ ವಿಳಾಸ ಬರೆಯಲು ನನ್ನನ್ನು ಕೂಗುತ್ತಿದ್ದರು. “ಮಗಾ, ಅವ್ನ್ ಹೆಸ್ರಿನ್ ಮುಂದೆ ಶ್ರೀ ಹಾಕಪ್ಪ, ಆಪೀಸ್ನಲ್ ಕೂತ್ಕತಾನೆ ಈಗ” ಅನ್ನುತ್ತಿದ್ದರು. ಹೆತ್ತ ಮಗನಿಗೆ ತಾಯಿ ಮನೆಯಲ್ಲಿ ಏಕವಚನ, ಕವರಿನ ಮೇಲೆ ಬಹುವಚನ. “ಆಯ್ತು ಅಜ್ಜಿ” ಎಂದು ಶ್ರೀ ಬರೆಯುತ್ತಿದ್ದೆ. ಅದರ ಕೆಳಗೆ ಮುಂಬಯಿಯ ಬೀದಿ, ಬಡಾವಣೆ, ನಂಬರು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೆ.

ನಮ್ಮ ಕಡೆಯ ಇನ್ನೊಂದು ರೂಢಿ ಮಾತ್ರ ಯಾರೂ ಅಂದುಕೊಳ್ಳದೆ ಸಾರ್ಟರಿಗೆ ಉಪಕಾರ ಮಾಡಿತು. ಹಳೆ ಮೈಸೂರಿನವರ ಇನಿಷಿಯಲ್‌ನಲ್ಲಿ ಮೊದಲ ಅಕ್ಷರ ಬಹುಮಟ್ಟಿಗೆ ಊರಿನದು. ಅ.ನ.ಕೃ. ಹೆಸರಿನ ‘ಅ’ ಅರಕಲಗೂಡು. ಸಂಗೀತಗಾರ ಆರ್.ಕೆ. ಶ್ರೀಕಂಠನ್ ಹೆಸರಿನ ‘ಆರ್’ ನಮ್ಮ ತಾಲ್ಲೂಕಿನ ರುದ್ರಪಟ್ಟಣ. ಎಚ್.ಡಿ. ದೇವೇಗೌಡರ ‘ಎಚ್’ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ರಾಮಸ್ವಾಮಿ ಅಯ್ಯಂಗಾರರಂತೂ ಮೊಟಕು ಮಾಡದೆ ಇಡೀ ಗೊರೂರನ್ನೇ ಹೆಸರಿನ ಮುಂದಿಟ್ಟುಕೊಂಡರು. ನಮ್ಮ ಜಿಲ್ಲೆಯ ಮನುಷ್ಯ ಎಲ್ಲಿ ಹೋದರೂ ಊರಿನ ಚೀಟಿ ಅಂಟಿಸಿಕೊಂಡೇ ಹೋಗುತ್ತಾನೆ. ವಿಳಾಸದಲ್ಲಿ ‘ರಾಮನಾಥಪುರ’ ಎಂದಿದ್ದು, ಹೆಸರು ಗೌಡರದೋ ಶೆಟ್ಟರದೋ ಆಗಿದ್ದು, ಮುಂದಿನ ಅಕ್ಷರ ಸುತ್ತಲಿನ ಹಳ್ಳಿಗೆ ಹೊಂದಿಕೊಂಡರೆ, ಜಿಲ್ಲೆ ಬರೆಯದಿದ್ದರೂ ಅದು ತಮಿಳುನಾಡಿನದಲ್ಲ ಎಂದು ಗೊತ್ತಾಗುತ್ತಿತ್ತು. ಇದು ಇಲಾಖೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಸೀಮೆಯ ಜನರನ್ನು ಬಲ್ಲವನಿಗೆ ಮಾತ್ರ ಬರುವ ವಿದ್ಯೆ.

ಇನ್ನು ನಾವು, ಇಲಾಖೆಯವರು, ಮಾಡುತ್ತಿದ್ದ ಲೇಬಲ್‌ಗಳ ವಿಷಯ. ಇದನ್ನು ಹೊರಗಿನವರು ನೋಡಿದ್ದು ಕಡಿಮೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಮೇಲ್ ವ್ಯಾನಿನ ಒಂದು ಗೋಡೆಯುದ್ದಕ್ಕೂ ಪಾರಿವಾಳದ ಗೂಡಿನಂತೆ ಮರದ ಗೂಡುಗಳು. ಒಂದೊಂದು ಗೂಡಿಗೂ ಒಂದೊಂದು ಊರಿನ, ಇಲ್ಲವೇ ಒಂದು ದಿಕ್ಕಿನ ಹೆಸರು. ಕಾಗದ ಗೂಡು ಸೇರಿ, ಗೂಡು ತುಂಬಿದಾಗ ತೆಗೆದು ಮುಖ ಜೋಡಿಸಿ ಹುರಿಯಿಂದ ಕಟ್ಟುತ್ತಿದ್ದೆವು. ಒಂದೇ ಊರಿನ ಕಾಗದವೆಲ್ಲ ಒಂದು ಕಟ್ಟಾದರೆ ಅದು ಸ್ಟೇಷನ್ ಬಂಡಲ್. ಹಲವು ಊರಿನದು ಸೇರಿದ್ದು, ಮುಂದೆ ಯಾರೋ ಮತ್ತೆ ವಿಂಗಡಿಸಬೇಕಾದದ್ದು ಸಾರ್ಟಿಂಗ್ ಬಂಡಲ್. ಪ್ರತಿ ಕಟ್ಟಿನ ನೆತ್ತಿಯ ಮೇಲೆ ಒಂದು ಚೀಟಿ, ಚೆಕ್ ಸ್ಲಿಪ್. ಅದರ ಮೇಲೆ ಹೋಗಬೇಕಾದ ಜಾಗದ ಹೆಸರು, ಕಟ್ಟಿದ ತಂಡದ ತಾರೀಖು ಮುದ್ರೆ, ಕಟ್ಟಿದವನ ಸಹಿ. ಹಾಸನದ ಕಟ್ಟಿನೊಳಗೆ ಹಾವೇರಿಯ ಕಾಗದ ಸೇರಿದ್ದರೆ, ಬಿಚ್ಚಿದವನು ಅದೇ ಚೀಟಿಯ ಬೆನ್ನಿಗೆ ಗುರುತು ಬರೆದು ಹಿಂದಕ್ಕೆ ಕಳಿಸಬಹುದಿತ್ತು. ಬೆರಳಗಲದ ಆ ಚೀಟಿಯಲ್ಲಿ ದಾರಿ ತೋರಿಸುವುದೂ ಇತ್ತು, ಹೊಣೆ ಹೊರಿಸುವುದೂ ಇತ್ತು. ಹೆಸರು ಹಾಕಿ ಮಾಡಿದ ಕೆಲಸಕ್ಕೂ ಹೆಸರಿಲ್ಲದ ಕೆಲಸಕ್ಕೂ ಇರುವ ಅಂತರ ನಾನು ಕಲಿತದ್ದು ಅಲ್ಲಿಯೇ.

ಕಟ್ಟುಗಳೆಲ್ಲ ಕ್ಯಾನ್ವಾಸ್ ಚೀಲಕ್ಕೆ. ಚೀಲದ ಕತ್ತನ್ನು ಹುರಿಯಿಂದ ಬಿಗಿದು, ಆ ಹುರಿಗೇ ಚೀಲದ ಲೇಬಲ್ ಪೋಣಿಸಿ, ಗಂಟಿನ ಮೇಲೆ ಕರಗಿಸಿದ ಅರಗು ಬಿಡಬೇಕು. ಅರಗು ಆರುವ ಮೊದಲು ಹಿತ್ತಾಳೆಯ ಮುದ್ರೆ ಒತ್ತಬೇಕು. ಗಾಡಿ ಓಲಾಡುತ್ತಿರುತ್ತದೆ, ಕಿಟಕಿಯಿಂದ ಗಾಳಿ, ಕೈಗೆ ಬಿಸಿ ಅರಗು ತಾಗುತ್ತದೆ. ಹಳೆಯ ಸಾರ್ಟರುಗಳ ಹೆಬ್ಬೆರಳು ನೋಡಿದರೆ ಗೊತ್ತಾಗುತ್ತಿತ್ತು. ಲೇಬಲ್‌ನಲ್ಲಿ ಎರಡೇ ಹೆಸರು, ಎಲ್ಲಿಂದ, ಎಲ್ಲಿಗೆ. ನಿಲ್ದಾಣ ಬಂದಾಗ ಬಾಗಿಲಲ್ಲಿ ನಿಂತವನು ಚೀಲದೊಳಗೆ ಏನಿದೆ ಎಂದು ಕೇಳುವುದಿಲ್ಲ. ಲೇಬಲ್ ಓದುತ್ತಾನೆ, ಮುದ್ರೆ ಒಡೆದಿಲ್ಲ ಎಂದು ಬೆರಳಾಡಿಸಿ ನೋಡುತ್ತಾನೆ, ಪಟ್ಟಿಗೆ ತಾಳೆ ಹಾಕುತ್ತಾನೆ, ಇಳಿಸುತ್ತಾನೆ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಒಂದು ತಾಲ್ಲೂಕಿನ ಸುಖದುಃಖವೆಲ್ಲ ಪ್ಲಾಟ್‌ಫಾರಂ ಮೇಲೆ ಇಳಿದಿರಬೇಕು. ಲೇಬಲ್ ತಪ್ಪಿದರೆ ಇಡೀ ಚೀಲವೇ ಇನ್ನೊಂದು ಜಿಲ್ಲೆಗೆ ಹೋಗುತ್ತದೆ. ಕಾಗದ ಒಂದು ತಪ್ಪಿದರೆ ಒಂದು ಮನೆಗೆ ನೋವು, ಚೀಲ ತಪ್ಪಿದರೆ ಒಂದು ಸೀಮೆಗೇ.

ಕೆಲವು ಕಾಗದಗಳಿಗೆ ಜನರೇ ತಮ್ಮದೊಂದು ಲೇಬಲ್ ಹಾಕುತ್ತಿದ್ದರು. ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿರುತ್ತಿತ್ತು. ಸಾವಿನ ಸುದ್ದಿಯ ಕಾರ್ಡಾದರೆ ಮೂಲೆ ಹರಿದಿರುತ್ತಿತ್ತು. ಒಳಗಿನ ಮಾತು ಓದದೆಯೇ ಕೈಗೆ ತಿಳಿಯುತ್ತಿತ್ತು. ವೈಶಾಖದ ಹೊತ್ತಿಗೆ ಗೂಡುಗಳೆಲ್ಲ ಹಳದಿ. ಬೆರಳು, ಅಂಗಿಯ ತೋಳು, ಮುದ್ರೆಯ ಹಿಡಿ ಎಲ್ಲಕ್ಕೂ ಅರಿಸಿನ. ಮುಹೂರ್ತ ಮುಗಿದ ಮೇಲೆ ಪತ್ರಿಕೆ ಮುಟ್ಟಿ ಏನು ಪ್ರಯೋಜನ ಎಂದು ನಾವು ಅಂಥವನ್ನು ಕಣ್ಣಿಟ್ಟು ಹುಡುಕುತ್ತಿದ್ದೆವು. ಯಾವ ನಿಯಮವೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ಪಾರ್ಸಲ್ಲಿನ ಲೋಕವೇ ಬೇರೆ. ಷಷ್ಠಿ ಜಾತ್ರೆ ಮುಗಿದ ಮೇಲೆ ದೇವರ ಕುಂಕುಮ, ಬೇಸಗೆಯಲ್ಲಿ ಹಪ್ಪಳ ಸಂಡಿಗೆ, ಹುರಿಹಿಟ್ಟು, ಬಾಣಂತಿ ಮಗಳಿಗೆ ಅಂಟಿನುಂಡೆ, ಎಲ್ಲವೂ ಊರು ಬಿಟ್ಟು ಹೋದ ಮಕ್ಕಳಿಗೆ. ಡಬ್ಬಿಗೆ ಬಿಳಿ ಬಟ್ಟೆ ಸುತ್ತಿ ದಪ್ಪ ದಾರದಲ್ಲಿ ಹೊಲಿಯಬೇಕು, ಹೊಲಿಗೆಯ ಮೇಲೆ ಅಲ್ಲಲ್ಲಿ ಅರಗಿನ ಮುದ್ರೆ ಹಾಕಬೇಕು. ಹೊಸ ಬಟ್ಟೆ ಯಾರು ತರುತ್ತಾರೆ? ಹಳೆ ಪಂಚೆ, ಹಳೆ ಮಗ್ಗುಲು ಹಾಸಿಗೆಯ ತುಂಡು. ಅದರ ಅಂಚಿನಲ್ಲಿ ಮಡಿವಾಳರು ಹಾಕಿದ ಕಪ್ಪು ಗುರುತು ಇನ್ನೂ ಇರುತ್ತಿತ್ತು. ಅದು ಗೇರುಕಾಯಿಯ ರಸದ್ದು. ತಿನ್ನುವ ಗೋಡಂಬಿಯ ಗೇರಲ್ಲ, ಕಾಡಿನ ಕರಿಗೇರು. ಸುಣ್ಣದ ಜೊತೆ ಸೇರಿದರೆ ಅದರ ರಸ ಬಟ್ಟೆಯಲ್ಲಿ ಎಷ್ಟು ಒಗೆದರೂ ಹೋಗದ ಕಪ್ಪಾಗುತ್ತದೆ. ಒಂದು ಚುಕ್ಕೆ, ಎರಡು ಗೀಟು, ಒಂದು ಕೊಕ್ಕೆ, ಮನೆಗೊಂದು ಗುರುತು. ಓದು ಬರಹವಿಲ್ಲದ ಮಡಿವಾಳರು ಊರಿನ ಬಟ್ಟೆಯನ್ನೆಲ್ಲ ಹೊಳೆದಂಡೆಯಲ್ಲಿ ಹರಡಿ, ಸಂಜೆ ಹೊತ್ತಿಗೆ ಒಂದೂ ತಪ್ಪದೆ ಅವರವರ ಮನೆಗೆ ಮುಟ್ಟಿಸುತ್ತಿದ್ದರು. ನನ್ನ ಇಲಾಖೆಗಿಂತ ಹಳೆಯ ಲೇಬಲ್ ವಿದ್ಯೆ ಅದು, ಅದನ್ನು ಬಲ್ಲವರನ್ನು ಊರು ಅದಕ್ಕೆ ತಕ್ಕಂತೆ ಗೌರವಿಸಲಿಲ್ಲ.

ಹೊಲಿದ ಬಟ್ಟೆಯ ಮೇಲೆ ವಿಳಾಸ ಬರೆಯಲು ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಬೂದು ಬಣ್ಣ, ತುದಿ ನೆನೆಸಿ ಬರೆದರೆ ನೇರಳೆ. ನಾಲಿಗೆಗೆ ತಾಗಿಸಿ ಬರೆಯುತ್ತಿದ್ದವರ ತುಟಿಯೂ ನೇರಳೆ. ಮಳೆಗೆ ನೆನೆದರೆ ಅಕ್ಷರ ಹರಡೀತೇ ಹೊರತು ಅಳಿಸಿಹೋಗುತ್ತಿರಲಿಲ್ಲ. ಶಾಯಿಯಲ್ಲಿ ಬರೆದದ್ದು ಮುಂಗಾರಿನಲ್ಲಿ ಬಸ್ಸಿನ ಟಾಪಿನ ಮೇಲೆ ಒಂದು ಪಯಣ ಮಾಡಿದರೆ ಬರೀ ನೀಲಿ ಕಲೆ. ಅದಕ್ಕೇ ನಾನು ಪಾರ್ಸಲ್ ತಂದವರಿಗೆಲ್ಲ ಹೇಳುತ್ತಿದ್ದುದು: ಹೊರಗಿನ ವಿಳಾಸವನ್ನೇ ಇನ್ನೊಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ. ಬಟ್ಟೆ ಹರಿದರೂ ಒಳಗಿನ ಚೀಟಿ ಮಾತಾಡುತ್ತದೆ. ಹಪ್ಪಳದ ಮೇಲೆ ಕೂತ ಆ ಚೀಟಿಗೆ ಖಾರದ ಎಣ್ಣೆ ತಾಗದಿರಲಿ ಎಂದು ಬಾಳೆಎಲೆಯಲ್ಲಿ ಸುತ್ತಿ ಇಟ್ಟವರಿದ್ದರು. ರೈಲ್ವೆ ಪಾರ್ಸಲ್ಲಿಗೂ ಲಾರಿ ಆಫೀಸಿಗೂ ಹಾಕುವ ಮೂಟೆಗಳಿಗೆ ಇಷ್ಟು ನಾಜೂಕಿಲ್ಲ. ತಗಡಿನಲ್ಲಿ ಅಕ್ಷರ ಕೊರೆದ ಅಚ್ಚನ್ನು ಗೋಣಿಯ ಮೇಲಿಟ್ಟು ಕಪ್ಪು ಮಸಿ ಉಜ್ಜಿದರೆ ಮುಗಿಯಿತು. ಮಂಡಿಯವರು ತಮ್ಮ ಹೆಸರಿನ ಎರಡಕ್ಷರ, ಇಳಿಯುವ ಸ್ಟೇಷನ್ನಿನ ಹೆಸರು, ಇಷ್ಟನ್ನೇ ಹಾಕುತ್ತಿದ್ದರು. ಅದನ್ನು ಮಾರ್ಕು ಅನ್ನುತ್ತಿದ್ದರು.

ನನ್ನ ಸೇವೆಯ ಕಾಲದಲ್ಲಿ ದೊಡ್ಡ ಬದಲಾವಣೆ ಎಂದರೆ ಪಿನ್ ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅದನ್ನು ರೂಪಿಸಿದವರು ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೆಲಣಕರ್. ಅವರು ಸಂಸ್ಕೃತದ ಕವಿಯೂ ಹೌದು. ಭಾಷೆಯ ಬೆಲೆ ಬಲ್ಲವರೊಬ್ಬರು, ಈ ದೇಶದಲ್ಲಿ ಕಾಗದ ಮುಟ್ಟಬೇಕಾದರೆ ಭಾಷೆಯನ್ನು ದಾಟಿದ ಗುರುತು ಬೇಕು ಎಂದು ಕಂಡುಕೊಂಡರಲ್ಲ, ಅದು ನನಗೆ ಬಹಳ ಹಿಡಿಸಿದ ಸಂಗತಿ. ಆರು ಅಂಕಿ. ಮೊದಲನೆಯದು ದೇಶದ ವಲಯ, ಎರಡನೆಯದು ಉಪವಲಯ, ಮೂರನೆಯದು ಸಾರ್ಟಿಂಗ್ ಜಿಲ್ಲೆ, ಉಳಿದ ಮೂರು ಬಟವಾಡೆಯ ಅಂಚೆ ಕಚೇರಿ. 573 ಎಂದರೆ ಹಾಸನ. 623 ಎಂದರೆ ತಮಿಳುನಾಡಿನ ರಾಮನಾಥಪುರಂ. ಹೊಳೆನರಸೀಪುರ 573211, ತಿರುಮಕೂಡಲು ನರಸೀಪುರ 571124. ಅರಕಲಗೂಡು 573102, ಚನ್ನರಾಯಪಟ್ಟಣ 573116. ದೊರೆಗಳು ಒಂದೇ ಹೆಸರಿಟ್ಟು ಹೋದ ಊರುಗಳು ಮೂರೇ ಅಂಕಿಯಲ್ಲಿ ಬೇರೆಬೇರೆಯಾದವು.

ಜನ ತಕ್ಷಣ ಬರೆಯಲಿಲ್ಲ. ಪೋಸ್ಟ್ ಕಾರ್ಡಿನ ಮೇಲೆ ಆರು ಚೌಕ ಅಚ್ಚಾಗಿ ಬಂದರೂ ಖಾಲಿ ಬಿಡುತ್ತಿದ್ದರು. ಊರಿಗೆ ಹೆಸರಿರುವಾಗ ನಂಬರು ಏಕೆ ಎಂದು ಹಿರಿಯರು ಮುನಿಸಿಕೊಂಡದ್ದೂ ಉಂಟು. ನಾನು ಊರಿಗೆ ಹೋದಾಗ ದೇವಸ್ಥಾನದ ಜಗಲಿಯಲ್ಲಿ ಕೂತು ಹೇಳುತ್ತಿದ್ದೆ, ಹೆಸರು ನಮ್ಮವರಿಗೆ, ನಂಬರು ಪರಸ್ಥಳದವರಿಗೆ, ಎರಡೂ ಬೇಕು ಎಂದು. ಅಸ್ಸಾಮಿನಲ್ಲಿ ಕೆಲಸ ಮಾಡುವ ಸೈನಿಕ ಕನ್ನಡದಲ್ಲೇ ಅಮ್ಮನಿಗೆ ವಿಳಾಸ ಬರೆದರೆ ಅಲ್ಲಿನವರಿಗೆ ಅದು ಚಿತ್ರ. ಆದರೆ ಆರು ಅಂಕಿ ಇದ್ದರೆ ಆ ಕನ್ನಡ ಅಕ್ಷರಗಳು ಹಾಗೆಯೇ ಹಾಸನದವರೆಗೆ ಬಂದುಬಿಡುತ್ತವೆ, ಇಲ್ಲಿ ಓದುವವರಿದ್ದಾರೆ. ನಂಬರು ಬಂದದ್ದರಿಂದ ಕನ್ನಡದ ವಿಳಾಸ ಉಳಿಯಿತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಮಾತು. ಆ ಅಂಕಿಗಳು ಬಂದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು, ಕರ್ನಾಟಕ ಆದದ್ದು ಮರುವರ್ಷ ನವೆಂಬರ್ 1ರಂದು. ಅದಾದ ಮೇಲೂ ವರ್ಷಗಟ್ಟಲೆ ಕವರುಗಳ ಮೇಲೆ ‘ಮೈಸೂರು ರಾಜ್ಯ’ ಬರುತ್ತಲೇ ಇತ್ತು, ಸಂಸ್ಥಾನ ಎಂದು ಬರೆಯುವ ಮುದುಕರೂ ಇದ್ದರು. ರಾಜ್ಯದ ಹೆಸರು ಬದಲಾಯಿತು, 573 ಬದಲಾಗಲಿಲ್ಲ.

ಈಗಿನ ರಾಮನಾಥಪುರದ ಹುಡುಗರಿಗೆ ಲೇಬಲ್ ಎಂದರೆ ಕಾಗದ ನೆನಪಾಗುವುದಿಲ್ಲ, ಹೊಗೆಸೊಪ್ಪಿನ ಬೇಲು ನೆನಪಾಗುತ್ತದೆ. ತಂಬಾಕು ಮಂಡಳಿಯ ಕಾಯ್ದೆ 1975ರದು, ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಅದಕ್ಕೆ ಮೊದಲು ಕಂಪನಿಗಳವರೇ ರೈತರಿಂದ ನೇರವಾಗಿ ಕೊಳ್ಳುತ್ತಿದ್ದರು. ಹರಾಜು ಬಂದ ಮೇಲೆ ಬೇಲಿಗೊಂದು ಚೀಟಿ ಬಂತು. ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪನ್ನು ದರ್ಜೆ ಮಾಡಿ, ಗೋಣಿತಾಟು ಸುತ್ತಿ ಬೇಲು ಕಟ್ಟಿ, ಗಾಡಿಯಲ್ಲಿ ಹಾಕಿಕೊಂಡು ಕಟ್ಟೆಗೆ ತರುತ್ತಾರೆ. ಅಲ್ಲಿ ತೂಕವಾಗಿ ಚೀಟಿ ಕೂರುತ್ತದೆ. ಬೆಳೆಗಾರನ ನೋಂದಣಿ ನಂಬರು, ತೂಕ, ದರ್ಜೆ, ಆಮೇಲೆ ಹರಾಜಿನ ಬೆಲೆ, ಕೊಂಡವರ ಗುರುತು. ಸಾಲಾಗಿ ಮಲಗಿಸಿದ ಬೇಲುಗಳ ನಡುವೆ ಖರೀದಿದಾರರು ನಡೆದುಹೋಗುವಾಗ ರೈತ ನೋಡುವುದು ಸೊಪ್ಪನ್ನಲ್ಲ, ಚೀಟಿಯನ್ನು. ನನ್ನ ಸಂಬಂಧಿಕನೊಬ್ಬ ಹೇಳಿದ್ದು ಹೀಗೆ: “ಅಣ್ಣ, ಒಂದ್ ವರ್ಸದ್ ಗೇಮೆ ಆ ಚೀಟೀಲಿ ಒಂದ್ ಗೆರೇಲಿ ಕೂತ್ಕತ್ತದೆ.” ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ವಾಪಸು ಒಯ್ಯುವ ಹಕ್ಕು ಅವನಿಗಿದೆ. ಆ ಹಕ್ಕನ್ನು ಬಳಸಲು ಮನೆಯಲ್ಲಿ ಸಾಲವಿಲ್ಲದಿರಬೇಕು, ಅಷ್ಟೇ ಕಷ್ಟ. ಆದರೂ ತೂಕ, ದರ್ಜೆ, ಬೆಲೆ ಮೂರೂ ಬರಹದಲ್ಲಿ ಎಲ್ಲರ ಕಣ್ಣೆದುರು ಇರುವುದು ಬಾಯಿಮಾತಿನ ವ್ಯಾಪಾರಕ್ಕಿಂತ ಎಷ್ಟೋ ಮೇಲು.

ಆಲೂಗಡ್ಡೆ ಬಿತ್ತುವವರೂ ಹೀಗೆಯೇ. ಹಾಸನದ ಮಾರುಕಟ್ಟೆಗೆ ಜಲಂಧರಿನಿಂದ ಬೀಜದ ಗಡ್ಡೆ ಬರುತ್ತದೆ. 1966ರ ಬೀಜ ಕಾಯ್ದೆಯ ಪದ್ಧತಿಯಂತೆ ಮೂಲಬೀಜದ ಚೀಲಕ್ಕೆ ಬಿಳಿ ಚೀಟಿ, ದೃಢೀಕೃತ ಬೀಜಕ್ಕೆ ನೀಲಿ ಚೀಟಿ. ಚೀಟಿಯ ಬಣ್ಣ ನೋಡದೆ ದುಡ್ಡು ಕೊಡಬೇಡಿ ಎಂದು ನಾನು ನಮ್ಮವರಿಗೆ ಹೇಳುತ್ತೇನೆ. ಚೀಟಿ ಇಲ್ಲದ ಬೀಜ ಕೊಳೆತರೆ ಯಾರನ್ನು ಕೇಳುತ್ತೀರಿ?

ಅಂಚೆಯಲ್ಲಿ ಈಗ ಬಾರ್‌ಕೋಡ್. ಎರಡಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಗುರುತಿನ ಎರಡಕ್ಷರ, ಒಟ್ಟು ಹದಿಮೂರು. ಒಂಬತ್ತನೆಯ ಅಂಕಿ ಉಳಿದ ಎಂಟನ್ನು ಪರೀಕ್ಷಿಸಲು ಇರುವಂಥದ್ದು. ನಾವು ಚೆಕ್ ಸ್ಲಿಪ್ಪಿನಲ್ಲಿ ಮಾಡುತ್ತಿದ್ದ ತಾಳೆಯ ಕೆಲಸವನ್ನು ಅದು ತನ್ನೊಳಗೇ ಮಾಡಿಕೊಳ್ಳುತ್ತದೆ. ಕಳಿಸಿದವರು ಫೋನಿನಲ್ಲಿ ನೋಡಿ, ಹಾಸನ ದಾಟಿತು, ಊರು ಮುಟ್ಟಿತು ಎಂದು ತಿಳಿಯುತ್ತಾರೆ. ನಮ್ಮ ಕಾಲದಲ್ಲಿ ಹಾಕಿದವರಿಗೆ ಉಳಿಯುತ್ತಿದ್ದುದು ಕಾಯುವುದೊಂದೇ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ರಿಜಿಸ್ಟರ್ ಕಾಗದಕ್ಕೆ ಅಂಟಿಸುತ್ತಿದ್ದ ‘ಆರ್’ ಅಕ್ಷರದ ಚೀಟಿಯ ಕಾಲ ಮಾತ್ರ ಮುಗಿಯಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿತು. ಕೋರ್ಟಿನ ನೋಟಿಸು, ಕೆಲಸದ ಆರ್ಡರು, ಮದುವೆಗೆ ಮುಂಚೆ ಬಂದ ಜಾತಕ, ಎಲ್ಲವೂ ಆ ಚೀಟಿ ಹೊತ್ತೇ ಬಂದವು.

ಅದೇ ವರ್ಷ ಮೇ ತಿಂಗಳಲ್ಲಿ ಡಿಜಿಪಿನ್ ಎಂಬುದನ್ನೂ ಇಲಾಖೆ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಗೀಟು ಹಾಕಿ, ಒಂದೊಂದು ಚೌಕಕ್ಕೂ ಹತ್ತು ಅಕ್ಷರ ಅಂಕಿಗಳ ಗುರುತು ಕೊಟ್ಟಿದ್ದಾರೆ. ನಮ್ಮ ಮನೆಯ ಜಗಲಿಗೊಂದು, ಹಿತ್ತಿಲಿನ ಬಾವಿಗೊಂದು. ಹೊಳೆಯ ನಡುವಿನ ಬಂಡೆಗೂ ಇರಬೇಕು. ಆಂಬುಲೆನ್ಸ್ ಬರಬೇಕಾದಾಗ, ಹೊಲದ ಮನೆಗೆ ಬೆಂಕಿ ಬಿದ್ದಾಗ ಇದು ಜೀವ ಉಳಿಸಬಲ್ಲದು, ಅದರಲ್ಲಿ ನನಗೆ ಸಂಶಯವಿಲ್ಲ. ಪಿನ್ ಕೋಡ್ ಬೇಡ ಎಂದವರಿಗೆ ಹೇಳಿದ್ದನ್ನೇ ಇದನ್ನು ಬೇಡ ಎನ್ನುವವರಿಗೂ ಹೇಳುತ್ತೇನೆ. ಆದರೆ ಅದನ್ನು ಬರೆದು ಉಳಿದ ಸಾಲುಗಳನ್ನು ಬಿಡುವವರನ್ನು ಒಪ್ಪಲಾರೆ. ಸಾಮಾನು ತರುವ ಕೊರಿಯರ್ ಹುಡುಗರು ವಾರಕ್ಕೊಮ್ಮೆಯಾದರೂ ನನಗೆ ಫೋನು ಮಾಡುತ್ತಾರೆ. “ಅಂಕಲ್, ಮ್ಯಾಪು ಹೊಳೆ ಹತ್ರ ತಂದು ನಿಲ್ಸಿದೆ, ಮನೆ ಎಲ್ಲಿ ಬರುತ್ತೆ?” ಡಬ್ಬದ ಮೇಲಿನ ಲೇಬಲ್ ಓದು ಎನ್ನುತ್ತೇನೆ. ಬಿಸಿಲಿಗೆ ಇಟ್ಟ ಡಬ್ಬದ ಮೇಲೆ ಯಂತ್ರ ಮುದ್ರಿಸಿದ ಅಕ್ಷರ ಮಾಸಿಹೋಗಿರುತ್ತದೆ, ಆ ಬಗೆಯ ಕಾಗದಕ್ಕೆ ಬಿಸಿಲು ತಾಗಬಾರದು. ಬೀದಿಯ ಹೆಸರನ್ನು ಕಳಿಸಿದವರೇ ಹಾಕಿರುವುದಿಲ್ಲ.

ಅದಕ್ಕೇ ಬೆಂಗಳೂರಿನಿಂದ ಮೊಮ್ಮಕ್ಕಳು ಏನಾದರೂ ಕಳಿಸುವ ಮುಂಚೆ ನಾನು ಅವರಿಗೆ ವಿಳಾಸ ಬರೆದು ಕಳಿಸುತ್ತೇನೆ. ಹೆಸರು, ತಂದೆಯ ಹೆಸರು. ಯಾವ ದೇವಸ್ಥಾನದಿಂದ ಯಾವ ಕಡೆಗೆ ಎಷ್ಟನೇ ಮನೆ. ಬೀದಿ. ರಾಮನಾಥಪುರ ಅಂಚೆ ಮತ್ತು ಹೋಬಳಿ. ಅರಕಲಗೂಡು ತಾಲ್ಲೂಕು. ಹಾಸನ ಜಿಲ್ಲೆ, ಕರ್ನಾಟಕ, ಪಿನ್ ಕೋಡ್. ಬೇಕಿದ್ದರೆ ಕೊನೆಗೆ ಡಿಜಿಪಿನ್. ಫಾರಮ್ಮಿನಲ್ಲಿ ತಾಲ್ಲೂಕಿಗೆ ಜಾಗವೇ ಇಲ್ಲ ತಾತ ಎಂದು ಮೊಮ್ಮಗಳು ದೂರುತ್ತಾಳೆ. ಊರಿನ ಪಕ್ಕದಲ್ಲೇ ಅಡ್ಡಗೆರೆ ಹಾಕಿ ಸೇರಿಸಮ್ಮ, ಅಲ್ಲಿ ಜಾಗವಿದೆ ಎಂದು ಹೇಳಿದ್ದೇನೆ. ಈಗ ಹಾಗೆಯೇ ಬರೆಯುತ್ತಾಳೆ.